ತೀರ್ಥಹಳ್ಳಿ ರಸ್ತೆಯಲ್ಲಿ ಸಣ್ಣ ಕೆಫೆ ತೆರೆಯುವ ಮುನ್ನ ಏನನ್ನು ಎಣಿಸಬೇಕು?

ಪ್ರಶ್ನೆ: ಮಂಡಗದ್ದೆ ದಾರಿಯವನು

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಬೆಂಗಳೂರಿನಲ್ಲಿ ನೌಕರಿ ಮಾಡಿ, ಅಪ್ಪನ ಆರೋಗ್ಯ ಕೈಕೊಟ್ಟ ಕಾರಣ ಕಳೆದ ಯುಗಾದಿಯ ಹೊತ್ತಿಗೆ ಊರಿಗೆ ಮರಳಿದವನು ನಾನು. ನಮ್ಮ ಮನೆ ಶಿವಮೊಗ್ಗ–ತೀರ್ಥಹಳ್ಳಿ ಹೆದ್ದಾರಿಯಲ್ಲಿ ಮಂಡಗದ್ದೆಗಿಂತ ಸ್ವಲ್ಪ ಈಚೆಗೆ ಸಿಗುವ ಹಳ್ಳಿಯಲ್ಲಿದೆ. ಒಂದೂವರೆ ಎಕರೆ ಅಡಿಕೆ ತೋಟವಿದೆ. ಎಲೆಚುಕ್ಕಿ ರೋಗ ಕಾಣಿಸಿಕೊಂಡ ಮೇಲೆ ಅದೊಂದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಕೈಯಲ್ಲಿ ಏಳು ಲಕ್ಷ ರೂಪಾಯಿ ಉಳಿತಾಯವಿದ್ದು, ಅದರಲ್ಲಿ ರಸ್ತೆಯ ಪಕ್ಕ ಒಂದು ಸಣ್ಣ ಕೆಫೆ ತೆರೆಯಬೇಕೆಂಬುದು ನನ್ನ ಯೋಚನೆ.

ಸಂಬಂಧಿಕರೊಬ್ಬರ ಹಂಚಿನ ಕಟ್ಟಡ ಬಾಡಿಗೆಗೆ ಸಿಗುತ್ತದೆ. ತಿಂಗಳಿಗೆ 9,000 ರೂಪಾಯಿ, ಮುಂಗಡ ಒಂದು ಲಕ್ಷ. ಇಪ್ಪತ್ತು ಜನ ಕೂರುವ ವ್ಯವಸ್ಥೆ ಮಾಡಿ ಫಿಲ್ಟರ್ ಕಾಫಿ, ಕಷಾಯ, ಕಡುಬು, ಅಕ್ಕಿ ರೊಟ್ಟಿ, ಸಂಜೆಗೆ ಹಲಸಿನ ಹಪ್ಪಳ, ಪತ್ರೊಡೆಯ ಕಾಲದಲ್ಲಿ ಪತ್ರೊಡೆ ಕೊಡಬೇಕೆಂದಿದ್ದೇನೆ. ಒಂದು ಕಪಾಟಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಇಟ್ಟು ಮಾರುವ ಆಸೆಯೂ ಇದೆ. ಇನ್ನೊಂದು ದಾರಿಯೆಂದರೆ ಶಿವಮೊಗ್ಗ ನಗರದಲ್ಲಿಯೇ ಕಚೇರಿಗಳು ಹೆಚ್ಚಿರುವ ಕಡೆ ಎಂಟು ಅಡಿ ಅಗಲದ ಮಳಿಗೆ ಹಿಡಿದು, ನಿಂತು ತಿನ್ನುವ ತಿಂಡಿ ಮಾತ್ರ ಮಾಡುವುದು. ಅದಕ್ಕೆ ಬಾಡಿಗೆ 14,000.

ಕುರುಡಾಗಿ ಇಳಿಯಬಾರದೆಂದು ಡಿಸೆಂಬರಿನಲ್ಲಿ ಮೂರು ಭಾನುವಾರ, ಮೂರು ಬುಧವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಆ ಕಟ್ಟಡದ ಎದುರು ಕುಳಿತು ಎಣಿಸಿದೆ. ಭಾನುವಾರ ಸರಾಸರಿ 410 ಕಾರುಗಳು ಹೋದವು. ಪಕ್ಕದ ತಿರುವಿನಲ್ಲಿರುವ ಚಹಾದಂಗಡಿಯ ಮುಂದೆ 31 ನಿಂತವು. ಬುಧವಾರ ನಿಂತದ್ದು 9. ಆ ಅಂಗಡಿಯನ್ನು ನೋಡುತ್ತಾ ಕುಳಿತಾಗ ಇನ್ನೊಂದು ಸಂಗತಿ ಕಂಡಿತು. ಬೆಳಿಗ್ಗೆ ಎಂಟೂ ಹತ್ತಕ್ಕೆ ಒಂದು ಬಸ್ಸು ಬರುತ್ತದೆ. ಅದರ ಹಾರ್ನ್ ಸೇತುವೆಯ ಬಳಿ ಕೇಳಿದೊಡನೆ ಅಂಗಡಿಯ ಹಿರಿಯರು ಹಲಗೆಯ ಮೇಲೆ ಗಾಜಿನ ಲೋಟಗಳನ್ನು ಎರಡು ಸಾಲಾಗಿ ಜೋಡಿಸಿ, ಬಸ್ಸು ನಿಲ್ಲುವ ಮೊದಲೇ ಅರ್ಧ ಲೋಟಗಳಿಗೆ ಚಹಾ ಬಿಟ್ಟಿರುತ್ತಾರೆ. ಬಸ್ಸು ನಿಲ್ಲುವುದು ನಾಲ್ಕೇ ನಿಮಿಷ. ಅಷ್ಟರಲ್ಲಿ 22 ಚಹಾ ಹೋದದ್ದನ್ನು ನಾನೇ ಎಣಿಸಿದ್ದೇನೆ. ನನ್ನ ಇಪ್ಪತ್ತು ಕುರ್ಚಿಗಳ ಯೋಜನೆಯಲ್ಲಿ ಆ ನಾಲ್ಕು ನಿಮಿಷಕ್ಕೆ ಜಾಗವೇ ಇಲ್ಲವಲ್ಲ ಎಂಬ ಅಳುಕು ಅಲ್ಲಿಂದ ಶುರುವಾಯಿತು.

ಡಿಸೆಂಬರಿನ ಎಣಿಕೆಯನ್ನು ನಂಬಿ ಜುಲೈ ತಿಂಗಳ ಬಾಡಿಗೆ ಕಟ್ಟಲು ಸಾಧ್ಯವೇ? ನಾನು ಎಣಿಸಬೇಕಾದದ್ದನ್ನೇ ಎಣಿಸಿದ್ದೇನೆಯೇ? ಈ ಕಸುಬಿನಲ್ಲಿ ಇರುವವರು, ಇದ್ದು ಬಿಟ್ಟವರು ದಯವಿಟ್ಟು ಬಿಚ್ಚಿ ಹೇಳಬೇಕು.

ಉತ್ತರ: ಸಾಗರ ಸೀಮೆ

ರಸ್ತೆಯ ಪಕ್ಕ ಕುಳಿತು ಎಣಿಸಿದ್ದೀರಲ್ಲ, ಅದಕ್ಕೆ ಮೊದಲು ಅಭಿನಂದನೆ. ಈ ಕಸುಬಿಗೆ ಇಳಿಯುವ ಬಹುಮಂದಿ ಬಣ್ಣ, ಬೋರ್ಡು, ಕುರ್ಚಿಗಳ ಬಗ್ಗೆ ಮೂರು ತಿಂಗಳು ಯೋಚಿಸಿ ಗಿರಾಕಿಯ ಬಗ್ಗೆ ಮೂರು ದಿನವೂ ಯೋಚಿಸಿರುವುದಿಲ್ಲ. ಆದರೆ ನೀವು ನಿಂತ ವಾಹನಗಳನ್ನು ಎಣಿಸಿದಿರಿ, ಅವು ಏಕೆ ನಿಂತವು ಎಂಬುದನ್ನು ಬರೆದುಕೊಳ್ಳಲಿಲ್ಲ. ನನಗೆ ಇಪ್ಪತ್ತೊಂದು ವರ್ಷದ ಹೋಟೆಲಿನ ಅನುಭವದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು ಕಂಡಿಲ್ಲ.

ನಮ್ಮ ಮಲೆನಾಡಿನಲ್ಲಿ ಸಣ್ಣ ಹೋಟೆಲಿಗೆ ಬರುವ ಹತ್ತು ಜನರಲ್ಲಿ ಆರೇಳು ಜನ ಏನನ್ನೋ ಕಾಯುತ್ತಿರುವವರು. ಬಸ್ಸಿಗೆ ಕಾಯುತ್ತಿರುತ್ತಾರೆ, ತಾಲ್ಲೂಕು ಕಚೇರಿಯಲ್ಲಿ ಸಹಿ ಆಗುವುದಕ್ಕೆ ಕಾಯುತ್ತಿರುತ್ತಾರೆ, ಮಂಡಿಯಲ್ಲಿ ಅಡಿಕೆಯ ಟೆಂಡರು ಮುಗಿಯುವುದಕ್ಕೆ, ಆಸ್ಪತ್ರೆಯಲ್ಲಿ ಡಾಕ್ಟರು ಬರುವುದಕ್ಕೆ, ಇಲ್ಲವೇ ಮಳೆ ಒಂದಿಷ್ಟು ಹೊಳವಾಗುವುದಕ್ಕೆ. ಹಸಿವು ಎಲ್ಲರಿಗೂ ಇರುತ್ತದೆ. ಮನೆ ಹತ್ತಿರವಿದ್ದರೆ ಅದು ಮನೆಗೇ ಹೋಗುತ್ತದೆ. ಕಾಯುವವನು ಮಾತ್ರ ಅಲ್ಲಿಯೇ ನಿಲ್ಲಲೇಬೇಕು. ನಿಮ್ಮ ಹಿರಿಯರ ಚಹಾದಂಗಡಿ ಬದುಕಿರುವುದು ತಿರುವಿನಿಂದಲ್ಲ, ಆ ಎಂಟೂ ಹತ್ತರ ಬಸ್ಸಿನಿಂದ.

ಇದನ್ನು ನಾನು ಕಣ್ಣಾರೆ ಕಂಡದ್ದು ಅಂಬಾರಗೋಡ್ಲಿನಲ್ಲಿ. ಶರಾವತಿಯ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಬೇಕಾದರೆ ಲಾಂಚೇ ಗತಿಯಾಗಿದ್ದ ಕಾಲದಲ್ಲಿ, ರಜೆಯ ದಿನ ಕಾರುಗಳು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಿದ್ದವು. ಮಕ್ಕಳು ರಚ್ಚೆ ಹಿಡಿಯುತ್ತಿದ್ದವು, ದೊಡ್ಡವರು ಇಳಿದು ಕಾಲಾಡಿಸುತ್ತಿದ್ದರು. ಉಪ್ಪು ಖಾರ ಹಚ್ಚಿದ ಅನಾನಸ್, ಸೌತೆಕಾಯಿ, ಮಂಡಕ್ಕಿ, ಚಹಾ, ಏನನ್ನು ತಂದಿಟ್ಟರೂ ಖರ್ಚಾಗುತ್ತಿತ್ತು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಉದ್ಘಾಟನೆಯಾಯಿತು. ಆ ಭಾಗದ ಜನರಿಗೆ ಅದು ಎಷ್ಟು ವರ್ಷಗಳ ಹಂಬಲ ಎಂಬುದು ನನಗೆ ಗೊತ್ತು. ಬಸುರಿ ಹೆಂಗಸರನ್ನು ರಾತ್ರಿ ಹೊತ್ತು ದಾಟಿಸಲು ಪಟ್ಟ ಪಾಡು ಕೇಳಿದವರಾರೂ ಸೇತುವೆಯ ವಿರುದ್ಧ ಮಾತಾಡಲಾರರು. ಆದರೆ ಅಂಗಡಿಯವನ ಕಣ್ಣಿನಿಂದ ನೋಡಿದರೆ, ದಾರಿಯಲ್ಲಿ ಹೋಗುವ ವಾಹನಗಳು ಹೆಚ್ಚಾದವು, ಕಾಯುವ ವಾಹನಗಳು ಇಲ್ಲವಾದವು. ದಡದ ಅಂಗಡಿಗಳ ಮುಂದೆ ನಾನು ಮುಂದಿನ ತಿಂಗಳು ಹೋಗಿ ನಿಂತಾಗ ಕಾರುಗಳು ವೇಗ ತಗ್ಗಿಸದೆ ಸೇತುವೆ ಹತ್ತುತ್ತಿದ್ದವು. ವಾಹನದ ಎಣಿಕೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾಗಿ ನಿಮ್ಮ ಹೆದ್ದಾರಿಯಲ್ಲಿ ಯಾರು, ಏನನ್ನು ಕಾಯುತ್ತಾರೆ ನೋಡಿ. ಶಿವಮೊಗ್ಗ ಬಿಟ್ಟ ಕಾರು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ನಿಮ್ಮ ಊರು ತಲುಪುತ್ತದೆ. ಅಷ್ಟು ಬೇಗ ಯಾರಿಗೂ ಇಳಿಯಬೇಕೆನ್ನಿಸುವುದಿಲ್ಲ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಬಂದವರು ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಾರೆ. ಅದೇ ಆಗುಂಬೆ ಘಾಟಿ ಹತ್ತಿ, ಹದಿನಾಲ್ಕು ತಿರುವು ಸುತ್ತಿ, ತೀರ್ಥಹಳ್ಳಿ ದಾಟಿ ಶಿವಮೊಗ್ಗದ ಕಡೆಗೆ ಬರುವವರು ನಿಮ್ಮಲ್ಲಿಗೆ ತಲುಪುವ ಹೊತ್ತಿಗೆ ದಣಿದಿರುತ್ತಾರೆ. ಆದ್ದರಿಂದ ನಿಮ್ಮ ಕಟ್ಟಡ ರಸ್ತೆಯ ಯಾವ ಬದಿಗಿದೆ, ಕೆಳಗಿನಿಂದ ಬರುವವರಿಗೆ ಅಡ್ಡ ದಾಟದೆ ನಿಲ್ಲಿಸಲು ಬರುತ್ತದೆಯೇ ಎಂಬುದು ನಿಮ್ಮ ಪತ್ರೊಡೆಗಿಂತ ಮುಖ್ಯ. ಬೆಳಗಿನ ಬದಲು ಸಂಜೆ ನಾಲ್ಕರಿಂದ ಏಳರವರೆಗೆ ಒಮ್ಮೆ ಎಣಿಸಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳನ್ನು ನಿಲ್ಲಿಸುವ ಆದೇಶ ಬರುವುದುಂಟು. ಆಗ ಲಾರಿಯವರ ದಾರಿಯೇ ಬದಲಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಡಿಸೆಂಬರು. ಅಡಿಕೆ ಕೊಯ್ಲು ನಡೆಯುವ ತಿಂಗಳು. ಅಡಿಕೆ ಗೊನೆ ಇಳಿಸುವವರು, ಸುಲಿಯುವವರು, ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿದವರು ಎಲ್ಲರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತದೆ. ಫೆಬ್ರವರಿಯಿಂದ ಜಾತ್ರೆ, ಮದುವೆ, ಬೇಸಿಗೆ ರಜೆಯ ಪ್ರವಾಸಿಗರು. ನಮ್ಮ ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ಆ ಒಂಬತ್ತು ದಿನ ನಿದ್ದೆಯೇ ಇಲ್ಲ. ಜೂನಿನ ಮೊದಲ ಮಳೆ ಬಿದ್ದ ಮೇಲೆ ವಾರದ ದಿನಗಳಲ್ಲಿ ಊರಿನವರು ಮನೆ ಬಿಟ್ಟು ಹೊರಡುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಜೋಗಕ್ಕೆ, ಆಗುಂಬೆಗೆ ಮಳೆ ನೋಡಲು ಹೊರಗಿನವರು ಬರುತ್ತಾರೆ. ನನ್ನ ಹೋಟೆಲಿನಲ್ಲಿ ಜುಲೈ ತಿಂಗಳ ವ್ಯಾಪಾರ ಡಿಸೆಂಬರಿನ ಅರ್ಧವನ್ನು ಮುಟ್ಟಿದರೆ ಆ ವರ್ಷ ಒಳ್ಳೆಯದೆಂದು ತಿಳಿಯುತ್ತೇನೆ. ಬಾಡಿಗೆಯನ್ನು ಹನ್ನೆರಡು ತಿಂಗಳಿಗೆ ಹಂಚಬೇಡಿ. ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಬಾಡಿಗೆ ಹುಟ್ಟಬೇಕು. 9,000 ಎಂದರೆ ನಿಮ್ಮ ಪಾಲಿಗೆ ಅದು 13,500.

ಉತ್ತರ: ಕಡುಬಿನ ಗಾಡಿ

ಹಿರಿಯರು ಕಾಯುವವರ ಬಗ್ಗೆ ಬರೆದದ್ದನ್ನು ಓದಿ ನನ್ನ ಗಾಡಿಯ ಮುಂದಿನ ಮುಖಗಳೆಲ್ಲ ನೆನಪಾದವು. ನಾನು ಶಿವಮೊಗ್ಗದಲ್ಲಿ ಆಸ್ಪತ್ರೆಯೊಂದರ ಹತ್ತಿರ ಆರು ವರ್ಷಗಳಿಂದ ತಳ್ಳುಗಾಡಿ ಇಟ್ಟುಕೊಂಡಿದ್ದೇನೆ. ರಾತ್ರಿಯೆಲ್ಲ ರೋಗಿಯ ಬಳಿ ಕುಳಿತವರು ಬೆಳಿಗ್ಗೆ ಆರಕ್ಕೆ ಹೊರಗೆ ಬರುತ್ತಾರೆ. ಅವರಿಗೆ ಬೇಕಾದದ್ದು ಬಿಸಿಯಾದದ್ದು, ಹೊಟ್ಟೆಗೆ ಭಾರವಾಗದ್ದು, ಒಂದು ಪೊಟ್ಟಣ ಕಟ್ಟಿಸಿ ಒಳಗೆ ಒಯ್ಯಬಹುದಾದದ್ದು. ಅವರ ಮುಂದೆ ನಲವತ್ತು ತಿಂಡಿಗಳ ಪಟ್ಟಿ ಹಿಡಿದರೆ ಓದುವ ತ್ರಾಣವೂ ಅವರಿಗಿರುವುದಿಲ್ಲ.

ನೀವು ಕಡುಬು ಎಂದು ಬರೆದಿದ್ದೀರಿ. ಅದನ್ನು ಬರಿಯ ಊರಿನ ತಿಂಡಿಯ ಅಭಿಮಾನದಿಂದ ಆರಿಸಿಕೊಂಡಿರಬಹುದು. ಮಳೆಗಾಲದ ವ್ಯಾಪಾರಕ್ಕೆ ಅದಕ್ಕಿಂತ ಹೊಂದುವ ತಿಂಡಿ ನಮ್ಮಲ್ಲಿ ಬೇರೆ ಇಲ್ಲ, ಏಕೆಂದು ಹೇಳುತ್ತೇನೆ. ಮೊದಲ ವರ್ಷ ನಾನು ಇಡ್ಲಿ ಮಾಡುತ್ತಿದ್ದೆ. ಆಷಾಢದ ಚಳಿಗೆ ಹಿಟ್ಟು ಉಬ್ಬುವುದೇ ಇಲ್ಲ. ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆಯ ಪಕ್ಕ ಇಟ್ಟು, ಮಧ್ಯರಾತ್ರಿ ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದೆ. ಬೆಳಿಗ್ಗೆ ಹೊತ್ತಿಗೆ ಹಿಟ್ಟು ಹಾಗೆಯೇ ಕೆಳಗೆ ಕುಳಿತಿದ್ದರೆ ಆ ದಿನದ ದುಡಿಮೆ ಹೋಯಿತೆಂದೇ ಅರ್ಥ. ಜೊತೆಗೆ ರಾತ್ರಿ ಕರೆಂಟು ಹೋದರೆ ರುಬ್ಬುವುದೂ ಇಲ್ಲ. ಕಡುಬಿಗೆ ಹುದುಗಿನ ಹಂಗಿಲ್ಲ, ರುಬ್ಬುವ ಕೆಲಸವೂ ಇಲ್ಲ. ಅಕ್ಕಿಯ ತರಿಯನ್ನು ಮೊದಲೇ ಮಾಡಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಮುಗಿಯಿತು. ಉಪ್ಪು, ಒಂದು ಚಮಚ ಎಣ್ಣೆ ಹಾಕಿದ ನೀರು ಕುದಿಯುವಾಗ ತರಿ ಸುರಿದು ಗಂಟಾಗದಂತೆ ತೊಳಸಿ, ಕೈ ತಡೆಯುವಷ್ಟು ಬಿಸಿಯಿರುವಾಗಲೇ ಅಂಗೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟಿ ಹಬೆಗೆ ಇಡಬೇಕು. ಆರಿದ ಮೇಲೆ ಕಟ್ಟಿದರೆ ಬಿರುಕು ಬಿಡುತ್ತದೆ. ಇಪ್ಪತ್ತು ನಿಮಿಷದಲ್ಲಿ ಒಂದು ಅಟ್ಟ ಇಳಿಯುತ್ತದೆ, ಗಿರಾಕಿ ಕಂಡ ಮೇಲೆ ಇನ್ನೊಂದು ಅಟ್ಟ ಏರಿಸಬಹುದು. ಉಳಿದ ತರಿ ನಾಳೆಗೂ ತರಿಯಾಗಿಯೇ ಇರುತ್ತದೆ. ಉಳಿದ ಇಡ್ಲಿ ಹಿಟ್ಟು ಹಾಗಿರುವುದಿಲ್ಲ. ಸಣ್ಣ ಬಂಡವಾಳದವರಿಗೆ ಈ ವ್ಯತ್ಯಾಸವೇ ಲಾಭ.

ನನ್ನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನಿಮಗೆ ಹೋಲಿಸಿಕೊಳ್ಳಲು ಅನುಕೂಲವಾಗಲಿ. ಸಾಧಾರಣ ದಿನದಲ್ಲಿ 30 ರೂಪಾಯಿಯ 90 ಪ್ಲೇಟ್ ಕಡುಬು, 12 ರೂಪಾಯಿಯ 120 ಲೋಟ ಕಾಫಿ, ಚಹಾ ಹೋಗುತ್ತವೆ. ಒಟ್ಟು 4,140 ರೂಪಾಯಿ. ತರಿ, ಕಾಯಿ, ಹಾಲು, ಪುಡಿ, ಗ್ಯಾಸು ಸೇರಿ ಸುಮಾರು 2,300 ಆಗುತ್ತದೆ. ಜೊತೆಗಿರುವ ಹೆಣ್ಣುಮಗಳಿಗೆ 500 ಕೊಡುತ್ತೇನೆ. ಉಳಿಯುವುದು 1,300ರ ಆಸುಪಾಸು. ಒಂದು ಲೀಟರ್ ಹಾಲಿನಲ್ಲಿ ಹದಿನಾಲ್ಕು ಲೋಟಕ್ಕಿಂತ ಹೆಚ್ಚು ಎಳೆಯಲು ಹೋಗಬೇಡಿ, ಗಿರಾಕಿಗೆ ನಾಲಗೆಯಲ್ಲಿ ಗೊತ್ತಾಗುತ್ತದೆ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿಗೆ ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ನಾನು ಲೋಟಕ್ಕೆ ಎರಡು ರೂಪಾಯಿ ಏರಿಸಿದೆ; ಹದಿನೈದು ದಿನ ಗೊಣಗಿದರು, ಆಮೇಲೆ ಮರೆತರು. ಅದೇ ವರ್ಷ ತೆಂಗಿನಕಾಯಿ ಬೆಲೆ ಗಗನಕ್ಕೆ ಹೋದಾಗ ಕಡುಬಿನ ಬೆಲೆ ಮುಟ್ಟದೆ, ವಾರದಲ್ಲಿ ಮೂರು ದಿನ ಕಾಯಿಚಟ್ನಿಯ ಬದಲು ಹುರುಳಿಚಟ್ನಿ ಕೊಟ್ಟೆ. ಈಗ ಅದನ್ನೇ ಕೇಳಿಕೊಂಡು ಬರುವವರಿದ್ದಾರೆ.

ಗಾಡಿಯೆಂದರೆ ನಾಳೆ ಎಬ್ಬಿಸಿ ಕಳಿಸುತ್ತಾರೆ ಎಂಬ ಭಯ ಹಲವರಿಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಮಾರಾಟ ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ, ಸ್ಥಳಾಂತರ ಮಾಡುವುದಿದ್ದರೂ ಮೂವತ್ತು ದಿನಗಳ ನೋಟಿಸು ಕೊಡಬೇಕು. ಪ್ರಮಾಣಪತ್ರ ಕೈಯಲ್ಲಿದ್ದರೆ ನಾವು ನಿಂತು ಮಾತಾಡುವ ಧಾಟಿಯೇ ಬೇರೆ. ನಾನು 2021ರಲ್ಲಿ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರದ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲ ಪಡೆದು ತೀರಿಸಿದೆ, ಆಮೇಲೆ 20,000 ಸಿಕ್ಕಿತು. ಈಗ ಅದರ ಕಂತುಗಳನ್ನು 15,000, 25,000, 50,000 ಎಂದು ಹೆಚ್ಚಿಸಿದ್ದಾರೆ. ಮೊದಲ ಸಾಲದಲ್ಲಿ ಕೊಂಡದ್ದು ಸ್ಟೀಲಿನ ಹಬೆಪಾತ್ರೆ ಮತ್ತು ಗಾಡಿಯ ಮೇಲಿನ ತಗಡು. ಮಳೆಯಲ್ಲಿ ತಗಡು ಗಾಡಿಯ ಮೇಲೆ ಮಾತ್ರ ಇದ್ದರೆ ಸಾಲದು, ಗಿರಾಕಿಯ ತಲೆಯ ಮೇಲೂ ಇರಬೇಕು. ಅದನ್ನು ಮೂರು ಅಡಿ ಮುಂದಕ್ಕೆ ಚಾಚಿಸಿದ ವಾರದಿಂದಲೇ ವ್ಯಾಪಾರ ಹೆಚ್ಚಿತು.

ನನ್ನ ಅಭಿಪ್ರಾಯ ಕೇಳುವುದಾದರೆ, ಏಳು ಲಕ್ಷವನ್ನು ಮುಟ್ಟಬೇಡಿ. ಒಂದು ಲಕ್ಷದಲ್ಲಿ ಆರು ತಿಂಗಳು ನಿಂತು ಮಾರಿ ನೋಡಿ, ಆ ಆರು ತಿಂಗಳಲ್ಲಿ ಜುಲೈ ಇರಲೇಬೇಕು. ಉಪ್ಪಿನಕಾಯಿಯ ಕಪಾಟು ಈಗಲೇ ಬೇಡ; ನಾಳೆಯ ಹಾಲಿಗೆ ಬೇಕಾದ ದುಡ್ಡು ಬಾಟಲಿಗಳಲ್ಲಿ ಕುಳಿತುಬಿಡುತ್ತದೆ.

ಉತ್ತರ: ವಿನೋಬನಗರ

ನಾನು ಇದ್ದು ಬಿಟ್ಟವನು. 2019ರ ನವೆಂಬರಿನಲ್ಲಿ ಶಿವಮೊಗ್ಗದಲ್ಲಿ 24 ಕುರ್ಚಿಗಳ ಕೆಫೆ ತೆರೆದು 2022ರಲ್ಲಿ ಮುಚ್ಚಿದೆ. ಕೊರೋನಾ ಬಂದದ್ದರಿಂದ ಮುಚ್ಚಿತು ಎಂದು ಮನೆಯವರು ಈಗಲೂ ಸಮಾಧಾನ ಹೇಳುತ್ತಾರೆ. ಆದರೆ ಲೆಕ್ಕದ ಪುಸ್ತಕವನ್ನು ಆಮೇಲೆ ಕೂತು ಬಿಡಿಸಿದಾಗ, ಕೊರೋನಾ ಇಲ್ಲದಿದ್ದರೂ ಅದು ನಿಲ್ಲುತ್ತಿರಲಿಲ್ಲ ಎಂಬುದು ಖಚಿತವಾಯಿತು.

ಬಾಡಿಗೆ, ಕರೆಂಟು, ಮೂವರ ಸಂಬಳ ಸೇರಿ ತಿಂಗಳಿಗೆ 78,000. ಅದನ್ನು 24 ಕುರ್ಚಿಗಳಿಗೆ, ಮೂವತ್ತು ದಿನಗಳಿಗೆ ಹಂಚಿದರೆ ಒಂದು ಕುರ್ಚಿ ದಿನಕ್ಕೆ 108 ರೂಪಾಯಿ ದುಡಿಯಬೇಕು. 80 ರೂಪಾಯಿಯ ಕೋಲ್ಡ್ ಕಾಫಿಯಲ್ಲಿ ಹಾಲು, ಐಸ್‌ಕ್ರೀಮು ಕಳೆದು ಉಳಿಯುತ್ತಿದ್ದದ್ದು 48. ಅಂದರೆ ಪ್ರತಿ ಕುರ್ಚಿಗೆ ದಿನಕ್ಕೆ ಮೂವರು ಬಂದರೆ ಮಾತ್ರ ನನ್ನ ಕೈಗೆ ಏನಾದರೂ ಹತ್ತುತ್ತಿತ್ತು. ಬರುತ್ತಿದ್ದವರು ಒಂದೂವರೆ. ಕಾಲೇಜಿನ ಮಕ್ಕಳು ಒಂದು ಲೋಟಕ್ಕೆ ಎರಡು ಗಂಟೆ ಕುಳಿತು ಓದುತ್ತಿದ್ದರು. ಒಳ್ಳೆಯ ಮಕ್ಕಳು, ಎಬ್ಬಿಸಲು ನನಗೆ ಮನಸ್ಸೂ ಇರಲಿಲ್ಲ. ತಪ್ಪು ಅವರದ್ದಲ್ಲ. ಹೋಟೆಲೆಂದರೆ ಎಬ್ಬಿಸುವ ವ್ಯಾಪಾರ, ಕೆಫೆಯೆಂದರೆ ಕೂರಿಸುವ ವ್ಯಾಪಾರ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಕಾಫಿಯ ಜೊತೆಗೆ ಇಂಟರ್ನೆಟ್ಟನ್ನೂ ಮಾರಿದ್ದರು, ಅಂದರೆ ಕೂರುವ ಹೊತ್ತಿಗೂ ಬೆಲೆ ಕಟ್ಟಿದ್ದರು. ನಾನು ಕುರ್ಚಿಯನ್ನು ಕೊಟ್ಟೆ, ಹೊತ್ತಿನ ಬೆಲೆಯನ್ನು ಎಲ್ಲಿಯೂ ಸೇರಿಸಲಿಲ್ಲ.

ಎರಡು ಲಕ್ಷದ ಎಂಬತ್ತು ಸಾವಿರ ಕೊಟ್ಟು ತಂದ ಎಸ್ಪ್ರೆಸೋ ಯಂತ್ರ ಕೆಟ್ಟಾಗ ರಿಪೇರಿಯವರು ಬೆಂಗಳೂರಿನಿಂದ ಬರಬೇಕಾಗಿತ್ತು. ಒಮ್ಮೆ ಹನ್ನೊಂದು ದಿನ ಅದು ಬಟ್ಟೆ ಹೊದ್ದು ನಿಂತಿತ್ತು. ಆ ಹನ್ನೊಂದು ದಿನ ಮನೆಯ ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಕೊಟ್ಟೆ. ಕಾಫಿಯ ಮಾರಾಟ ಇಳಿಯಲಿಲ್ಲ, ಬದಲಾಗಿ ಸ್ವಲ್ಪ ಏರಿತು. ಅದರಿಂದ ಕಲಿಯಬೇಕಾದ್ದನ್ನು ಆಗಲೇ ಕಲಿಯಲಿಲ್ಲ ಎಂಬುದು ನನ್ನ ನೋವು.

ಒಂದು ವಿಷಯದಲ್ಲಿ ಮಾತ್ರ ಮೇಲಿನ ಕಡುಬಿನ ಗಾಡಿಯ ಸೋದರಿಯ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ನಗರದಲ್ಲಿ ನಿಂತು ಮಾರಿದ ಆರು ತಿಂಗಳ ಅನುಭವ ಹೆದ್ದಾರಿಗೆ ಹಾಗೆಯೇ ಹೊಂದುವುದಿಲ್ಲ. ನಗರದಲ್ಲಿ ಗಿರಾಕಿ ನಾಳೆಯೂ ಬರುತ್ತಾನೆ. ಹೆದ್ದಾರಿಯವನು ಮತ್ತೆ ಬರುವುದು ಮುಂದಿನ ವರ್ಷದ ಶೃಂಗೇರಿ ಪ್ರವಾಸಕ್ಕೆ. ಪ್ರಯೋಗ ಮಾಡುವುದಿದ್ದರೆ ಅದೇ ಕಟ್ಟಡದ ಜಗಲಿಯಲ್ಲಿ, ಎಂಟು ಜನ ಕೂರುವ ಎರಡು ಬೆಂಚು ಹಾಕಿಕೊಂಡು ಮಾಡಿ. ಶುಚಿಯಾದ ಶೌಚಾಲಯವನ್ನು ಮೊದಲ ದಿನವೇ ಕಟ್ಟಿಸಿ. ಕುಟುಂಬದೊಡನೆ ಬರುವವರು ನಿಲ್ಲುವುದು ಬಹಳ ಸಲ ಅದಕ್ಕಾಗಿ, ಕಾಫಿ ಕುಡಿಯುವುದು ಆಮೇಲೆ.

ಉತ್ತರ: ಲೆಕ್ಕಪತ್ರ

ತೆರಿಗೆ, ನೋಂದಣಿಗಳ ಕೆಲಸ ನನ್ನದಾದ್ದರಿಂದ ಅಷ್ಟನ್ನೇ ಹೇಳುತ್ತೇನೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಹೋದದ್ದು, ಅನೇಕರು ಕ್ಯೂಆರ್ ಚೀಟಿಗಳನ್ನು ಕಿತ್ತು ನಗದು ಮಾತ್ರ ಎಂದು ಬರೆದು ತೂಗುಹಾಕಿದ್ದು ಎಲ್ಲರಿಗೂ ನೆನಪಿದೆ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಾಬರಿ ತಗ್ಗಿತು. ಆ ಗಾಬರಿಯ ಮೂಲ ಒಂದೇ: ನೋಂದಣಿಯ ಮಿತಿಯನ್ನು ಲಾಭದ ಮೇಲೆ ಅಳೆಯುತ್ತಾರೆ ಎಂಬ ತಪ್ಪು ತಿಳಿವಳಿಕೆ. ಅಳೆಯುವುದು ಒಟ್ಟು ವಹಿವಾಟನ್ನು. ಸರಕು ಮಾತ್ರ ಮಾರುವವರಿಗೆ ಅದು ವರ್ಷಕ್ಕೆ 40 ಲಕ್ಷ. ಹೋಟೆಲು, ಕೆಫೆ ಸೇವೆಯ ಲೆಕ್ಕಕ್ಕೆ ಬರುವುದರಿಂದ ಅವುಗಳಿಗೆ 20 ಲಕ್ಷ.

20 ಲಕ್ಷವನ್ನು ದಿನಕ್ಕೆ ಹಂಚಿದರೆ 5,480 ರೂಪಾಯಿಯ ಆಸುಪಾಸು. ಕಡುಬಿನ ಗಾಡಿಯವರ 4,140 ರೂಪಾಯಿ ವರ್ಷಕ್ಕೆ 310 ದಿನ ಎಂದರೂ 13 ಲಕ್ಷದ ಒಳಗೇ ನಿಲ್ಲುತ್ತದೆ. ಆದರೆ ಇಪ್ಪತ್ತು ಕುರ್ಚಿಗಳ ಕೆಫೆ ನಡೆದರೆ ಮಿತಿಯನ್ನು ದಾಟಿಯೇ ತೀರುತ್ತದೆ, ದಾಟದಿದ್ದರೆ ಅದು ನಡೆಯುತ್ತಿಲ್ಲ ಎಂದರ್ಥ. ಉಪ್ಪಿನಕಾಯಿ, ಬೆಲ್ಲ, ಹಾಲಿನ ಪ್ಯಾಕೆಟ್ಟು ಇಟ್ಟು ಮಾರಿದರೆ ಅದೂ ಅದೇ ಒಟ್ಟಿಗೆ ಸೇರುತ್ತದೆ. ತೆರಿಗೆಯಿಲ್ಲದ ಸರಕೂ ಮಿತಿಯ ಎಣಿಕೆಯಲ್ಲಿ ಬರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ದಾಟಿದ ಮೇಲೆ ಸಣ್ಣ ವ್ಯಾಪಾರಿಗಳಿಗಿರುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಸೇರಿದರೆ ವಹಿವಾಟಿನ ಶೇ. 5 ಕಟ್ಟಬೇಕು, ಅದನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಆ ಐದನ್ನು ಮೊದಲ ದಿನದ ಬೆಲೆಯಲ್ಲಿಯೇ ಸೇರಿಸಿಟ್ಟುಕೊಳ್ಳಿ. ಆಹಾರ ಸುರಕ್ಷತಾ ನೋಂದಣಿ ಇಲ್ಲವೇ ಪರವಾನಗಿ ಗಾಡಿಗೂ ಬೇಕು, ಕೆಫೆಗೂ ಬೇಕು. ಅದರ ಹದಿನಾಲ್ಕು ಅಂಕಿಗಳ ಸಂಖ್ಯೆಯನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು.

ಕಪಾಟಿನ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ. 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಾಲಕ್ಕೆ ಜೋಡಿಸಿದ ಸಹಾಯಧನವಿತ್ತು, ರಾಜ್ಯ ಸರ್ಕಾರ ಅದಕ್ಕೆ ಇನ್ನೂ ಶೇ. 15 ಸೇರಿಸಿತ್ತು. ಹೋಟೆಲು ತೆರೆಯುವುದಕ್ಕೆ ಆ ಹಣ ಸಿಗುತ್ತದೆಂದು ನನ್ನ ಬಳಿ ಬಂದವರು ಅನೇಕರು. ಅದು ಹಪ್ಪಳ, ಉಪ್ಪಿನಕಾಯಿ, ಹಣ್ಣಿನ ಸಂಸ್ಕರಣೆಯಂಥ ಘಟಕಗಳಿಗೆ ಮಾತ್ರ. ಆ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ್ದ ಉತ್ಪನ್ನ ಅನಾನಸ್. ಮನೆಯ ಹೆಂಗಸರು ಮಿಡಿ ಹಾಕುವುದನ್ನೇ ಮುಂದೆ ಘಟಕವಾಗಿ ಬೆಳೆಸುವ ಯೋಚನೆಯಿದ್ದರೆ ಅದನ್ನು ಕೆಫೆಯಿಂದ ಬೇರೆ ಪುಸ್ತಕದಲ್ಲಿ, ಬೇರೆ ಖಾತೆಯಲ್ಲಿ ಇಡಿ. ಸಾಲ, ಸಹಾಯಧನದ ಸದ್ಯದ ಸ್ಥಿತಿಯನ್ನು ಜಿಲ್ಲಾ ಕೃಷಿ ಇಲಾಖೆಯಲ್ಲಿ ವಿಚಾರಿಸಿಯೇ ಮುಂದಡಿ ಇಡಿ.

ಪ್ರಶ್ನೆ ಕೇಳಿದವರ ಮಾತು: ಮಂಡಗದ್ದೆ ದಾರಿಯವನು

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ನಿನ್ನೆ ಮತ್ತು ಮೊನ್ನೆ ಸಂಜೆ ನಾಲ್ಕರಿಂದ ಏಳರವರೆಗೆ ಹೋಗಿ ಕುಳಿತಿದ್ದೆ. ಈ ಸಲ ನಿಂತವರನ್ನು ಏಕೆ ನಿಂತಿರೆಂದು ಕೇಳಿಯೇ ಬರೆದುಕೊಂಡೆ. ಎರಡು ಸಂಜೆಗಳಲ್ಲಿ ನಿಂತ 46 ವಾಹನಗಳಲ್ಲಿ 29 ತೀರ್ಥಹಳ್ಳಿಯ ಕಡೆಯಿಂದ ಬಂದಂಥವು. ಅವುಗಳಲ್ಲಿ ಹನ್ನೆರಡು ವಾಹನದವರು ಮೊದಲು ಕೇಳಿದ್ದು ಶೌಚಾಲಯ ಎಲ್ಲಿದೆ ಎಂದು. ಏಳು ಕಾರುಗಳಲ್ಲಿ ಮಕ್ಕಳಿಗೆ ತಿರುವುಗಳ ದೆಸೆಯಿಂದ ಹೊಟ್ಟೆ ತೊಳಸಿತ್ತು. ಅವರಿಗೆ ಬೇಕಾಗಿದ್ದದ್ದು ಕಾಫಿಯಲ್ಲ, ನಿಂಬೆಹಣ್ಣಿನ ಪಾನಕ ಮತ್ತು ಹತ್ತು ನಿಮಿಷ ಗಾಳಿ. ನನ್ನ ತಿಂಡಿಪಟ್ಟಿಯಲ್ಲಿ ಪಾನಕ ಇರಲೇ ಇಲ್ಲ.

ಕಟ್ಟಡವಿರುವುದು ತೀರ್ಥಹಳ್ಳಿಯಿಂದ ಬರುವವರ ಎಡಬದಿಗೇ. ಕುರ್ಚಿಗಳ ಯೋಚನೆ ಬಿಟ್ಟಿದ್ದೇನೆ. ಜಗಲಿಯನ್ನು ಮಾತ್ರ ಹನ್ನೊಂದು ತಿಂಗಳಿಗೆ 4,000 ರೂಪಾಯಿಗೆ ಕೊಡಲು ಸಂಬಂಧಿಕರು ಒಪ್ಪಿದ್ದಾರೆ. ಶೌಚಾಲಯ ನಾನು ಕಟ್ಟಿಸುವುದು, ಅದರ ಖರ್ಚನ್ನು ಬಾಡಿಗೆಯಲ್ಲಿ ಕಳೆಯುವುದು ಎಂದು ಮಾತಾಗಿದೆ. ಎಂಟೂ ಹತ್ತರ ಬಸ್ಸು ಹಿರಿಯರಿಗೇ ಇರಲಿ. ಬೆಳಿಗ್ಗೆ ನಾನು ಚಹಾ ಮಾಡುವುದಿಲ್ಲ ಎಂದು ಅವರಿಗೆ ಹೇಳಿ ಬಂದೆ. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ತೆರೆಯುತ್ತೇನೆ. ಒಂದೇ ಒಂದು ಸಂದೇಹ ಉಳಿದಿದೆ: ಮೂವತ್ತು ಪ್ಲೇಟಿಗೆ ಎಷ್ಟು ತರಿ, ಎಷ್ಟು ನೀರು? ಅಮ್ಮನ ಅಳತೆ ಕಣ್ಣಂದಾಜಿನದು, ಐದು ಜನಕ್ಕೆ ಮಾತ್ರ ಸರಿಹೋಗುತ್ತದೆ.

ಉತ್ತರ: ಕಡುಬಿನ ಗಾಡಿ

ತರಿ ಯಾವ ಅಕ್ಕಿಯದು ಎಂಬುದರ ಮೇಲೆ ನೀರು ನಿಲ್ಲುತ್ತದೆ. ಹೊಸ ಅಕ್ಕಿಗೆ ಕಡಿಮೆ, ಹಳೆಯದಕ್ಕೆ ಹೆಚ್ಚು. ಒಂದು ಅಳತೆ ತರಿಗೆ ಎರಡು ಅಳತೆ ನೀರಿನಿಂದ ಶುರು ಮಾಡಿ. ಉಂಡೆ ಕಟ್ಟುವಾಗ ಅಂಗೈಗೆ ಅಂಟಿದರೆ ಮರುದಿನ ಅರ್ಧ ಲೋಟ ಕಡಿಮೆ ಮಾಡಿ, ಬಿರಿದರೆ ಅರ್ಧ ಲೋಟ ಹೆಚ್ಚಿಸಿ. ಅಳತೆಯ ಲೋಟ ಒಂದೇ ಇರಲಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಗುರುವಾರ ನನ್ನ ಜೊತೆಯವಳು ರಜೆ ಕೇಳಿದ್ದಾಳೆ. ಬೆಳಿಗ್ಗೆ ನಾಲ್ಕೂವರೆಗೆ ಬಂದು ಒಂದು ದಿನ ಕೈಜೋಡಿಸುವುದಾದರೆ ನೂರು ಪ್ಲೇಟಿನ ಅಳತೆ ಕೈಗೇ ಹತ್ತುತ್ತದೆ. ನಿಮ್ಮ ಊರಿನ ತರಿಯನ್ನು ಎರಡು ಸೇರು ತನ್ನಿ, ಅದರಲ್ಲಿಯೇ ಮಾಡಿ ನೋಡೋಣ.